ಹಬ್ಬದ ರಜೆಯನ್ನೂ ಕೇಳಿದ ಸಾಲ: ಪೋರ್ಚುಗಲ್‌ನಿಂದ ನಾವು ಕಲಿಯಬೇಕಾದದ್ದು



2013ರ ನವೆಂಬರ್ 1ರಂದು ಪೋರ್ಚುಗಲ್ ದೇಶದಲ್ಲಿ ಸಕಲ ಸಂತರ ಹಬ್ಬಕ್ಕೆ ಸರಕಾರಿ ರಜೆ ಇರಲಿಲ್ಲ. ಆ ದೇಶದಲ್ಲಿ ಅಂದು ಕುಟುಂಬಗಳು ಹೂವು ತೆಗೆದುಕೊಂಡು ತಮ್ಮವರ ಸಮಾಧಿಗಳಿಗೆ ಹೋಗುತ್ತವೆ. ಹಲವು ಊರುಗಳಲ್ಲಿ ಮಕ್ಕಳು ಚೀಲ ಹಿಡಿದು, ದೇವರ ಹೆಸರಿನಲ್ಲಿ ರೊಟ್ಟಿ ಬೇಡುತ್ತಾ ಮನೆಮನೆ ಸುತ್ತುತ್ತಾರೆ. ಅದೇ ವರ್ಷ ಪರಮಪ್ರಸಾದದ ಮಹೋತ್ಸವದ ರಜೆಯೂ ಹೋಗಿತ್ತು. ಎರಡು ಧಾರ್ಮಿಕ, ಎರಡು ರಾಷ್ಟ್ರೀಯ, ಹೀಗೆ ಒಟ್ಟು ನಾಲ್ಕು ರಜೆಗಳನ್ನು ಸರಕಾರ ಕೈಬಿಟ್ಟಿತ್ತು. ಧಾರ್ಮಿಕ ರಜೆಗಳ ವಿಷಯದಲ್ಲಿ ವ್ಯಾಟಿಕನ್ ಜೊತೆ ಮಾತಾಡಿ ಒಪ್ಪಿಗೆಯನ್ನೂ ಪಡೆದಿತ್ತು. ಇದರ ಹಿಂದೆ ಧರ್ಮದ್ವೇಷವೇನೂ ಇರಲಿಲ್ಲ. ದೇಶ ಸಾಲದಲ್ಲಿ ಮುಳುಗಿತ್ತು; ಜನ ವರ್ಷಕ್ಕೆ ನಾಲ್ಕು ದಿನ ಹೆಚ್ಚು ದುಡಿದರೆ ಅಷ್ಟಾದರೂ ಗಳಿಕೆ ಏರೀತು ಎಂಬುದು ಲೆಕ್ಕಾಚಾರವಾಗಿತ್ತು. ಆ ರಜೆಗಳು ಮರಳಿದ್ದು 2016ರಲ್ಲಿ.

ಒಂದು ದೇಶದ ಬಜೆಟ್ ವಿಷಯ ಧರ್ಮಕೇಂದ್ರದ ಯುವಜನರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಪೋರ್ಚುಗಲ್ ನಮಗೆ ತೀರಾ ಪರಕೀಯ ದೇಶವಲ್ಲ. ಕರಾವಳಿಯ ನಮ್ಮ ಅನೇಕ ಕುಟುಂಬಗಳ ಹಿರಿಯರು ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ನಡೆದು ಬಂದವರು. ಫಾತಿಮಾ ಮಾತೆಯ ಹೆಸರು ಕೇಳದ ಮನೆ ನಮ್ಮಲ್ಲಿಲ್ಲ. 2023ರ ಆಗಸ್ಟ್‌ನಲ್ಲಿ ವಿಶ್ವ ಯುವದಿನ ನಡೆದದ್ದು ಲಿಸ್ಬನ್‌ನಲ್ಲಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸರಕಾರದ ಸಾಲ ಎಂಬುದು ಹಿರಿಯರು ಸಹಿ ಹಾಕಿ ಕಿರಿಯರು ತೀರಿಸುವ ಪತ್ರ. ತೀರಿಸಬೇಕಾದವರು ನಾವೇ ಆಗಿರುವಾಗ ಅದರಲ್ಲಿ ಏನು ಬರೆದಿದೆ ಎಂದು ಓದುವ ಹಕ್ಕೂ ನಮಗಿದೆ, ಕರ್ತವ್ಯವೂ ಇದೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಒಂದು ವರ್ಷದಲ್ಲಿ ಸರಕಾರಕ್ಕೆ ಬಂದದ್ದಕ್ಕಿಂತ ಖರ್ಚು ಹೆಚ್ಚಾದರೆ ಆ ವ್ಯತ್ಯಾಸವೇ ಕೊರತೆ. ಆ ಕೊರತೆ ತುಂಬಲು ವರ್ಷ ವರ್ಷವೂ ತಂದದ್ದೆಲ್ಲ ಕೂಡಿ ನಿಂತದ್ದು ಸಾಲ. ಈ ವರ್ಷ ಕೊರತೆ ಕಡಿಮೆಯಾಯಿತು ಎಂದ ಮಾತ್ರಕ್ಕೆ ಸಾಲ ಇಳಿಯಿತು ಎಂದಲ್ಲ; ಸಾಲ ನಿಧಾನವಾಗಿ ಏರುತ್ತಿದೆ ಎಂದಷ್ಟೇ ಅರ್ಥ. ಇವೆರಡನ್ನೂ ದೇಶದ ಒಟ್ಟು ವಾರ್ಷಿಕ ಉತ್ಪನ್ನದ, ಅಂದರೆ ಜಿಡಿಪಿಯ, ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ತಿಂಗಳಿಗೆ 15 ಸಾವಿರ ದುಡಿಯುವ ಮನೆಗೆ ಐದು ಲಕ್ಷದ ಸಾಲ ಬೆಟ್ಟ. ಲಕ್ಷ ದುಡಿಯುವ ಮನೆಗೆ ಅದು ಗುಡ್ಡೆ. 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಯುರೋಪಿನ ದೇಶಗಳು ಇದೇ ಲೆಕ್ಕದಲ್ಲಿ ಎರಡು ಗೆರೆ ಎಳೆದುಕೊಂಡವು: ಕೊರತೆ ಶೇ. 3 ಮೀರಬಾರದು, ಸಾಲ ಶೇ. 60 ಮೀರಬಾರದು.

ಇನ್ನು ಪೋರ್ಚುಗಲ್‌ನ ಕಥೆ. 1892ರಲ್ಲೇ ಆ ದೇಶ ಹೊರಗಿನ ಸಾಲವನ್ನು ಪೂರ್ತಿ ತೀರಿಸಲಾಗದೆ ಕೈಚೆಲ್ಲಿತ್ತು. 1910ರಲ್ಲಿ ರಾಜನ ಆಳ್ವಿಕೆ ಹೋಗಿ ಗಣರಾಜ್ಯ ಬಂತು, 1926ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು, ಖಜಾನೆ ಮಾತ್ರ ಸುಧಾರಿಸಲಿಲ್ಲ. 1928ರಲ್ಲಿ ಕೊಯಿಂಬ್ರಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂತೋನಿಯೊ ಸಲಾಜಾರ್ ಹಣಕಾಸು ಮಂತ್ರಿಯಾದರು. ಹುಡುಗನಾಗಿದ್ದಾಗ ಗುರುಮಠದಲ್ಲಿ ಓದಿದ್ದವರು. ಪ್ರತಿಯೊಂದು ಇಲಾಖೆಯ ಖರ್ಚಿನ ಮೇಲೂ ತಮ್ಮದೇ ಹಿಡಿತ ಇರಬೇಕು ಎಂಬ ಷರತ್ತು ಹಾಕಿ ಬಂದರು, ಮೊದಲ ಬಜೆಟ್‌ನಲ್ಲೇ ಕೊರತೆ ನಿಲ್ಲಿಸಿದರು. 1932ರಲ್ಲಿ ಪ್ರಧಾನಿಯಾಗಿ 1968ರವರೆಗೂ ಆಳಿದರು. ಅವರ ವ್ಯವಸ್ಥೆ ಮುರಿದುಬಿದ್ದ 1974ರಲ್ಲಿ ದೇಶದ ಸಾಲ ಜಿಡಿಪಿಯ ಐದನೇ ಒಂದು ಪಾಲಿಗಿಂತಲೂ ಕಡಿಮೆ ಇತ್ತು.

ಇಷ್ಟನ್ನೇ ಕೇಳಿದರೆ ಇಂಥ ಮಂತ್ರಿ ನಮಗೂ ಸಿಗಬಾರದೇ ಎನಿಸಬಹುದು. ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನೂ ತಿರುವಬೇಕು. 1970ರಲ್ಲಿ ಪೋರ್ಚುಗಲ್‌ನ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ಹುಟ್ಟಿದ ಸಾವಿರ ಶಿಶುಗಳಲ್ಲಿ 50ಕ್ಕೂ ಹೆಚ್ಚು ಶಿಶುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 1961ರಿಂದ 1974ರವರೆಗೆ ಅಂಗೋಲಾ, ಗಿನಿ, ಮೊಜಾಂಬಿಕ್‌ಗಳಲ್ಲಿ ವಸಾಹತು ಉಳಿಸಿಕೊಳ್ಳುವ ಯುದ್ಧಕ್ಕೆ ಹುಡುಗರನ್ನು ಕಳಿಸಲಾಯಿತು. ಆ ಯುದ್ಧದಿಂದಲೂ ಬಡತನದಿಂದಲೂ ತಪ್ಪಿಸಿಕೊಳ್ಳಲು ಹತ್ತು ಲಕ್ಷಕ್ಕೂ ಹೆಚ್ಚು ಜನ ಫ್ರಾನ್ಸ್ ಮುಂತಾದ ಕಡೆ ಹೊರಟುಹೋದರು. 1958ರಲ್ಲಿ ಪೋರ್ಟೊ ನಗರದ ಧರ್ಮಾಧ್ಯಕ್ಷ ಅಂತೋನಿಯೊ ಫೆರೇರಾ ಗೋಮೆಸ್ ಜನರ ಸಂಕಷ್ಟವನ್ನು ಎತ್ತಿ ಹೇಳಿ ಸಲಾಜಾರ್‌ಗೆ ಪತ್ರ ಬರೆದರು. ಅದರ ಫಲವಾಗಿ 1959ರಿಂದ ಹತ್ತು ವರ್ಷ ದೇಶದಿಂದ ಹೊರಗೆ ಬಾಳಬೇಕಾಯಿತು. ಸಾಲವಿಲ್ಲದ ಸರಕಾರ ನ್ಯಾಯವಂತ ಸರಕಾರವೇ ಆಗಿರಬೇಕೆಂದಿಲ್ಲ ಎಂಬುದಕ್ಕೆ ಆ ಧರ್ಮಾಧ್ಯಕ್ಷರ ವನವಾಸವೇ ಸಾಕ್ಷಿ. ಅಲ್ಲಿ ಸರಕಾರ ಸಾಲ ಮಾಡಲಿಲ್ಲ, ನಿಜ. ಶಾಲೆ ಕಾಣದ ಮಕ್ಕಳು ಅದರ ಬೆಲೆ ತೆತ್ತರು.

1974ರ ಏಪ್ರಿಲ್ 25ರಂದು ಸೈನಿಕರ ಕೋವಿಯ ತುದಿಯಲ್ಲಿ ಕೆಂಪು ಹೂ ಸಿಕ್ಕಿಸಿದ ಕ್ರಾಂತಿ ನಡೆಯಿತು. ಆಫ್ರಿಕಾದಿಂದ ಸುಮಾರು ಐದು ಲಕ್ಷ ಜನ ಉಟ್ಟ ಬಟ್ಟೆಯಲ್ಲಿ ಹಿಂತಿರುಗಿದರು. ಶಾಲೆ, ಪಿಂಚಣಿ, 1979ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ, ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕಿತ್ತು. ಖರ್ಚು ಏರಿತು, ಕೊರತೆ ಏರಿತು. 1977ರಲ್ಲೂ 1983ರಲ್ಲೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯ, ಅಂದರೆ ಐಎಂಎಫ್‌ನ, ಬಾಗಿಲು ತಟ್ಟಬೇಕಾಯಿತು. ಹಾಗೆಂದು ಆ ಹಣವೆಲ್ಲ ಪೋಲಾಯಿತೆಂದು ಹೇಳಲಾಗದು. 2010ರ ಹೊತ್ತಿಗೆ ಸಾವಿರದಲ್ಲಿ ಮೂರಕ್ಕಿಂತ ಕಡಿಮೆ ಶಿಶುಗಳು ಮಾತ್ರ ಸಾಯುತ್ತಿದ್ದವು. ಐವತ್ತರಿಂದ ಮೂರಕ್ಕೆ ಇಳಿದ ಆ ಅಂಕಿಯ ಹಿಂದೆ ಸರಕಾರ ಮಾಡಿದ ಖರ್ಚಿದೆ. ಅಜ್ಜ ಸಾಲ ಮಾಡಿ ತೆಂಗಿನ ತೋಟ ಮಾಡಿದ್ದರೆ, ಕಂತು ಕಟ್ಟುವ ಮೊಮ್ಮಗ ತೆಂಗಿನಕಾಯಿಯನ್ನೂ ಕೀಳುತ್ತಾನೆ.

ಎಲ್ಲ ಸಾಲವೂ ತೋಟವಾಗಲಿಲ್ಲ. 1986ರಲ್ಲಿ ಯುರೋಪಿನ ಒಕ್ಕೂಟ ಸೇರಿ, 1999ರಲ್ಲಿ ಯೂರೋ ಕೂಟಕ್ಕೆ ಬಂದ ಮೇಲೆ ಬಡ್ಡಿ ಬಹಳ ಅಗ್ಗವಾಯಿತು. ಜರ್ಮನಿಗೆ ಸಿಗುವ ದರಕ್ಕೆ ಹೆಚ್ಚುಕಡಿಮೆ ಸಮವಾಗಿ ಪೋರ್ಚುಗಲ್‌ಗೂ ಸಾಲ ಸಿಗತೊಡಗಿತು. 2004ರ ಯುರೋ ಫುಟ್ಬಾಲ್ ಪಂದ್ಯಾವಳಿಗಾಗಿ ಹತ್ತು ಕ್ರೀಡಾಂಗಣಗಳು ಸಜ್ಜಾದವು, ಹೆಚ್ಚಿನವು ಹೊಸದಾಗಿಯೇ ಕಟ್ಟಿದವು. ಫಾತಿಮಾ ಪುಣ್ಯಕ್ಷೇತ್ರಕ್ಕೆ ಹತ್ತಿರದ ಲೆಯಿರಿಯಾ ನಗರಸಭೆ ಮುಂದೆ ತನ್ನ ಕ್ರೀಡಾಂಗಣವನ್ನು ಮಾರಾಟಕ್ಕಿಟ್ಟಾಗ ಕೊಳ್ಳುವವರು ಬರಲಿಲ್ಲ. ಟೋಲ್ ಇಲ್ಲದ ಹೆದ್ದಾರಿಗಳನ್ನು ಖಾಸಗಿ ಕಂಪೆನಿಗಳಿಂದ ಕಟ್ಟಿಸಿ, ಸರಕಾರ ಮುಂದಿನ ದಶಕಗಳಲ್ಲಿ ಹಣ ಕೊಡುತ್ತಾ ಹೋಗುವ ಒಪ್ಪಂದಗಳಾದವು. ರಿಬ್ಬನ್ ಕತ್ತರಿಸುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು ಎಂಬಂತಾಯಿತು. 2001ರಲ್ಲೇ ಕೊರತೆ ಶೇ. 4 ದಾಟಿ, ಶೇ. 3ರ ಗೆರೆ ಮೀರಿದ್ದಕ್ಕೆ ಯೂರೋ ಕೂಟದಲ್ಲಿ ಮೊದಲು ನೋಟಿಸು ಪಡೆದ ದೇಶ ಪೋರ್ಚುಗಲ್. ಆ ದಶಕದಲ್ಲಿ ಆರ್ಥಿಕತೆ ಮಾತ್ರ ಹೆಚ್ಚು ಬೆಳೆಯಲೇ ಇಲ್ಲ.

2008ರ ಜಾಗತಿಕ ಬಿಕ್ಕಟ್ಟಿನಲ್ಲಿ ಕಟ್ಟಡ ಅಲುಗಾಡಿತು. ಮುಳುಗುತ್ತಿದ್ದ ಒಂದು ಖಾಸಗಿ ಬ್ಯಾಂಕನ್ನು ಸರಕಾರ ತನ್ನ ತಲೆಗೆ ಕಟ್ಟಿಕೊಂಡಿತು. 2010ರಲ್ಲಿ ಕೊರತೆ ಜಿಡಿಪಿಯ ಶೇ. 11 ಮೀರಿತು, ಸಾಲ ಶೇ. 100ರ ಹತ್ತಿರ ಬಂತು. ಸಾಲ ಕೊಡುವವರು ಹತ್ತು ವರ್ಷದ ಪತ್ರಕ್ಕೆ ಶೇ. 7ಕ್ಕೂ ಹೆಚ್ಚು ಬಡ್ಡಿ ಕೇಳತೊಡಗಿದರು. 2011ರ ಏಪ್ರಿಲ್ 6ರಂದು ಪ್ರಧಾನಿ ಜೋಸೆ ಸೊಕ್ರಾತೆಸ್ ಹೊರಗಿನ ನೆರವು ಬೇಕೆಂದು ಘೋಷಿಸಿದರು. ಯುರೋಪಿನ ಒಕ್ಕೂಟ ಮತ್ತು ಐಎಂಎಫ್ ಸೇರಿ 7,800 ಕೋಟಿ ಯೂರೋ ಸಾಲ ಕೊಡಲು ಒಪ್ಪಿದವು. ಅದಕ್ಕೆ ಷರತ್ತುಗಳಿದ್ದವು.

ಆ ಷರತ್ತುಗಳು ಯಾರ ಮನೆ ಬಾಗಿಲಿಗೆ ಬಂದವು ಎಂಬುದನ್ನು ನೋಡಬೇಕು. ವಿದ್ಯುತ್ ಮೇಲಿನ ತೆರಿಗೆ ಶೇ. 6ರಿಂದ ಶೇ. 23ಕ್ಕೆ ಏರಿತು. 2012ರಲ್ಲಿ ಒಂದು ಮಿತಿಗಿಂತ ಹೆಚ್ಚು ಪಡೆಯುವ ಸರಕಾರಿ ನೌಕರರಿಗೂ ಪಿಂಚಣಿದಾರರಿಗೂ ರಜಾ ಭತ್ಯೆ ಮತ್ತು ಕ್ರಿಸ್ಮಸ್ ಭತ್ಯೆ ಎರಡೂ ನಿಂತವು. ಭಾರವನ್ನು ಒಂದೇ ವರ್ಗದ ಮೇಲೆ ಹೊರಿಸಿದ್ದು ಸಮಾನತೆಗೆ ವಿರುದ್ಧ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವೇ ಆ ವರ್ಷ ಜುಲೈಯಲ್ಲಿ ಹೇಳಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಸರಕಾರ ಇನ್ನೊಂದು ಯೋಜನೆ ತಂದಿತು: ಸಾಮಾಜಿಕ ಭದ್ರತೆಗೆ ಕಾರ್ಮಿಕರು ಕಟ್ಟುವ ಪಾಲನ್ನು ಶೇ. 11ರಿಂದ ಶೇ. 18ಕ್ಕೆ ಏರಿಸುವುದು, ಮಾಲೀಕರು ಕಟ್ಟುವ ಪಾಲನ್ನು ಇಳಿಸುವುದು. ಸೆಪ್ಟೆಂಬರ್ 15ರಂದು ಜನ ಬೀದಿ ತುಂಬಿ ನಿಂತರು. ಯೋಜನೆ ಹಿಂದೆ ಹೋಯಿತು.

2013ರ ಆರಂಭದಲ್ಲಿ ನಿರುದ್ಯೋಗ ಶೇ. 17 ದಾಟಿತು. ಯುವಜನರಲ್ಲಿ ಅದು ಶೇ. 40ರ ಸಮೀಪ ಇತ್ತು. 2011ರ ಡಿಸೆಂಬರ್‌ನಲ್ಲಿ ಪ್ರಧಾನಿ ಪಾಸೊಸ್ ಕೊಯೆಲ್ಯೊ ಅವರು, ಕೆಲಸ ಸಿಗದ ಶಿಕ್ಷಕರು ಬ್ರೆಜಿಲ್, ಅಂಗೋಲಾ ಮುಂತಾದ ಪೋರ್ಚುಗೀಸ್ ಭಾಷೆಯ ದೇಶಗಳ ಕಡೆ ನೋಡಬಹುದು ಎಂಬರ್ಥದ ಮಾತಾಡಿದ್ದರು. ಆ ಮಾತಿಗೆ ಮೊದಲೂ ಅನಂತರವೂ ಯುವಜನರು ಹೊರಟೇ ಹೋಗುತ್ತಿದ್ದರು. ಆ ವರ್ಷಗಳಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 2010ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದ ದೇಶದಲ್ಲಿ 2013ರಲ್ಲಿ ಹುಟ್ಟಿದ್ದು 83 ಸಾವಿರಕ್ಕಿಂತ ಕಡಿಮೆ. ಬಜೆಟ್‌ನ ಯಾವ ಕೋಷ್ಟಕದಲ್ಲೂ ಈ ನಷ್ಟಕ್ಕೆ ಕಾಲಂ ಇಲ್ಲ. ಮಗ ಒಂದು ದೇಶದಲ್ಲಿ, ಮಗಳು ಇನ್ನೊಂದು ದೇಶದಲ್ಲಿ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಎಂಬ ಸ್ಥಿತಿ ಏನೆಂದು ಗಲ್ಫಿಗೆ ಮಕ್ಕಳನ್ನು ಕಳಿಸಿದ ನಮ್ಮ ಗಡಿನಾಡಿನ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಬಿಗಿ ಹಿಡಿದರೂ ಸಾಲದ ಪ್ರಮಾಣ ಇಳಿಯಿತೇ? ಇಲ್ಲ. 2010ರಲ್ಲಿ ಶೇ. 100ರ ಹತ್ತಿರ ಇದ್ದದ್ದು 2014ಕ್ಕೆ ಶೇ. 130 ದಾಟಿತು. ಜನರ ಕೈಯಲ್ಲಿ ಹಣ ಇಲ್ಲದಾಗ ಅಂಗಡಿ ಮುಚ್ಚುತ್ತದೆ, ಅಂಗಡಿ ಮುಚ್ಚಿದರೆ ತೆರಿಗೆ ಬರುವುದಿಲ್ಲ. 2012ರಲ್ಲಿ ಆರ್ಥಿಕತೆ ಸುಮಾರು ಶೇ. 4 ಕುಗ್ಗಿತು. ಬಿಗಿತದಿಂದ ಆಗುವ ಹೊಡೆತವನ್ನು ಯುರೋಪಿನಲ್ಲಿ ಕಡಿಮೆ ಅಂದಾಜು ಮಾಡಲಾಗಿತ್ತು ಎಂದು ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞ ಒಲಿವಿಯೇ ಬ್ಲಾಂಷಾರ್ ಅವರೇ ಸಹೋದ್ಯೋಗಿ ಡೇನಿಯಲ್ ಲೀ ಜೊತೆ 2013ರಲ್ಲಿ ಬರೆದರು. ಅಷ್ಟರಲ್ಲಿ ವಿಮಾನ ಹತ್ತಿದವರು ಹತ್ತಿಯಾಗಿತ್ತು.

2015ರ ಕೊನೆಗೆ ಅಂತೋನಿಯೊ ಕೋಸ್ಟಾ ಪ್ರಧಾನಿಯಾದರು. ಅವರ ತಂದೆ, ಸಾಹಿತಿ ಒರ್ಲಾಂದೊ ದ ಕೋಸ್ಟಾ, ಗೋವಾ ಮೂಲದ ಮನೆತನದವರು. ಹೊಸ ಸರಕಾರ ರಜೆಗಳನ್ನು ಮರಳಿಸಿತು, ಕಡಿತವಾಗಿದ್ದ ಸಂಬಳವನ್ನು ಹಂತ ಹಂತವಾಗಿ ಕೊಟ್ಟಿತು. ಆದರೆ ಖಜಾನೆಯ ಬಾಗಿಲನ್ನೇನೂ ತೆರೆದಿಡಲಿಲ್ಲ. ಹಣಕಾಸು ಮಂತ್ರಿ ಮಾರಿಯೊ ಸೆಂಟೆನೊ ಕೊರತೆಯನ್ನು ವರ್ಷದಿಂದ ವರ್ಷಕ್ಕೆ ಇಳಿಸಿದರು. ಪ್ರವಾಸೋದ್ಯಮ ಬೆಳೆಯಿತು, ಯುರೋಪಿನ ಕೇಂದ್ರ ಬ್ಯಾಂಕಿನ ಬೆಂಬಲದಿಂದ ಬಡ್ಡಿ ಇಳಿಯಿತು. ಐಎಂಎಫ್‌ನ ಸಾಲವನ್ನು 2018ರಲ್ಲಿ ಅವಧಿಗೆ ಮೊದಲೇ ತೀರಿಸಿದರು. 2019ರಲ್ಲಿ, 1974ರ ಕ್ರಾಂತಿಯ ಬಳಿಕ ಮೊದಲ ಬಾರಿಗೆ, ಬಜೆಟ್‌ನಲ್ಲಿ ಅಲ್ಪ ಉಳಿತಾಯವಾಯಿತು. ಕೋವಿಡ್ ಬಂದ 2020ರಲ್ಲಿ ಸಾಲ ಮತ್ತೆ ಶೇ. 134ರ ಆಸುಪಾಸಿಗೆ ಜಿಗಿಯಿತು. 2023ರ ಕೊನೆಗೆ ಶೇ. 100ಕ್ಕಿಂತ ಕೆಳಗೆ ಬಂತು. ಆ ವರ್ಷ ಜಿಡಿಪಿಯ ಶೇ. 1ಕ್ಕೂ ಹೆಚ್ಚು ಉಳಿತಾಯವೂ ಆಯಿತು.

ಈ ಇಳಿಕೆಯನ್ನು ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. 2020ರ ಕೊನೆಗೂ 2022ರ ಕೊನೆಗೂ ಸಾಲದ ಮೊತ್ತ ಸುಮಾರು 27,000 ಕೋಟಿ ಯೂರೋ ಆಗಿಯೇ ಇತ್ತು. ಇಳಿದದ್ದು ಶೇಕಡಾ ಲೆಕ್ಕ. ಆರ್ಥಿಕತೆ ಚೇತರಿಸಿಕೊಂಡದ್ದು ಒಂದು ಕಾರಣ, ಬೆಲೆ ಏರಿದ್ದು ಇನ್ನೊಂದು. ಬೆಲೆ ಏರಿದಾಗ ಜಿಡಿಪಿಯ ಅಂಕಿ ಉಬ್ಬುತ್ತದೆ, ಹಳೆಯ ಸಾಲ ಚಿಕ್ಕದಾಗಿ ಕಾಣುತ್ತದೆ. ಅದೇ ಬೆಲೆಯೇರಿಕೆಯನ್ನು ಕೂಲಿಯವನು ಅಂಗಡಿಯಲ್ಲಿ ಕಟ್ಟಿರುತ್ತಾನೆ. ಉಳಿತಾಯದ ವರ್ಷಗಳಲ್ಲಿ ಆಸ್ಪತ್ರೆ, ರೈಲು, ಶಾಲೆಗಳಿಗೆ ಹಾಕಬೇಕಾದ ಬಂಡವಾಳವನ್ನು ಹಿಂದಕ್ಕೆ ಹಿಡಿಯಲಾಯಿತು; ಸರಕಾರಿ ಹೂಡಿಕೆಯಲ್ಲಿ ಪೋರ್ಚುಗಲ್ ಯುರೋಪಿನ ಕೊನೆಯ ಸಾಲಿನಲ್ಲಿತ್ತು. ಸೋರುವ ಮಾಡು ರಿಪೇರಿ ಮಾಡದೆ ಉಳಿಸಿದ ಹಣವೂ ಒಂದು ಬಗೆಯ ಸಾಲವೇ. ಬ್ಯಾಂಕಿನ ಪುಸ್ತಕದಲ್ಲಿ ಕಾಣದಿದ್ದರೂ ಮುಂದಿನ ಮಳೆಗಾಲ ಅದನ್ನು ಕೇಳುತ್ತದೆ.

ಹಾಗಾದರೆ ಕ್ರೈಸ್ತ ಯುವಜನರಾಗಿ ನಾವು ಏನು ಹೇಳಬೇಕು? ಇಂಥ ಮಾತು ಬಂದಾಗ ನಮ್ಮಲ್ಲಿ ಹಲವರು ಜೋಸೆಫನನ್ನು ನೆನೆಯುತ್ತಾರೆ. ಸುಭಿಕ್ಷದ ಏಳು ವರ್ಷಗಳಲ್ಲಿ ಧಾನ್ಯ ಕೂಡಿಟ್ಟು ಬರದ ಏಳು ವರ್ಷಗಳಲ್ಲಿ ಈಜಿಪ್ಟನ್ನು ಉಳಿಸಿದವನು. ಅದು ಸರಿಯಾದ ಪಾಠ. ಬಡ್ಡಿ ಅಗ್ಗವಿದ್ದ ವರ್ಷಗಳಲ್ಲಿ ಪೋರ್ಚುಗಲ್‌ನ ನಾಯಕರು ಅದನ್ನು ಮರೆತರು. ಆದರೆ ಆದಿಕಾಂಡದ 41ನೇ ಅಧ್ಯಾಯಕ್ಕೆ ನಿಲ್ಲಿಸದೆ 47ನೇ ಅಧ್ಯಾಯವನ್ನೂ ಓದೋಣ. ಬರ ಮುಂದುವರಿದಾಗ ಜನ ಅದೇ ಧಾನ್ಯಕ್ಕಾಗಿ ಮೊದಲು ಹಣ ಕೊಟ್ಟರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿದರು. ಪೂಜಾರಿಗಳ ಭೂಮಿ ಮಾತ್ರ ಉಳಿಯಿತು. ಉಗ್ರಾಣ ತುಂಬಿಸುವುದು ವಿವೇಕ. ಅದನ್ನು ತೆರೆಯುವಾಗ ಯಾರಿಂದ ಏನು ಕಿತ್ತುಕೊಳ್ಳುತ್ತೇವೆ ಎಂಬುದು ನ್ಯಾಯದ ಪ್ರಶ್ನೆ. ಪವಿತ್ರ ಗ್ರಂಥ ಎರಡನ್ನೂ ಮುಚ್ಚಿಡದೆ ಬರೆದಿದೆ.

ಸಾಲ ಮಾಡಿದವರು ಅನುಭವಿಸಲಿ ಎಂಬ ಮಾತನ್ನು ನಾವು ಒಪ್ಪುವುದಿಲ್ಲ, ಯಾಕೆಂದರೆ ಇಲ್ಲಿ ಮಾಡಿದವರು ಬೇರೆ, ಅನುಭವಿಸಿದವರು ಬೇರೆ. ಎಲ್ಲ ಸಾಲ ಮನ್ನಾ ಆಗಲಿ ಎಂಬ ಸುಲಭ ಘೋಷಣೆಯನ್ನೂ ಒಪ್ಪುವುದಿಲ್ಲ. ಸರಕಾರಕ್ಕೆ ಸಾಲ ಕೊಟ್ಟವರಲ್ಲಿ ಉಳಿತಾಯ ಮಾಡಿದ ಸಾಮಾನ್ಯರೂ ಇರುತ್ತಾರೆ. ಕೊಟ್ಟ ಮಾತು ಉಳಿಸಿಕೊಳ್ಳುವುದೂ ನೀತಿಯೇ. ಸಂತ ದ್ವಿತೀಯ ಜಾನ್ ಪೌಲರು 1991ರ ತಮ್ಮ ವಿಶ್ವಪತ್ರದಲ್ಲಿ ಇದೇ ದಾರಿ ತೋರಿಸಿದರು: ಸಾಲ ತೀರಿಸಬೇಕೆಂಬ ತತ್ವ ನ್ಯಾಯವಾದದ್ದು, ಆದರೆ ಇಡೀ ಜನತೆಯನ್ನು ಹಸಿವಿಗೂ ಹತಾಶೆಗೂ ದೂಡುವ ಬೆಲೆಗೆ ಅದನ್ನು ವಸೂಲು ಮಾಡುವುದು ನ್ಯಾಯವಲ್ಲ. ಯಾಜಕಕಾಂಡದ ಜುಬಿಲಿ ವರ್ಷದ ಹಿಂದೆ ಇರುವುದೂ ಇದೇ ಅರಿವು. ಒಂದು ತಲೆಮಾರಿನ ಸೋಲು ಮುಂದಿನ ತಲೆಮಾರಿನ ಕಾಲಿಗೆ ಶಾಶ್ವತ ಸಂಕೋಲೆ ಆಗಬಾರದು.

ಧರ್ಮಸಭೆಯೂ ಈ ಪ್ರಶ್ನೆಯಿಂದ ಹೊರಗಿಲ್ಲ. ಕಷ್ಟದ ವರ್ಷಗಳಲ್ಲಿ ಪೋರ್ಚುಗಲ್‌ನ ಕಾರಿತಾಸ್ ಮತ್ತು ಧರ್ಮಕೇಂದ್ರಗಳು ಹಸಿದವರಿಗೆ ಊಟ ಕೊಟ್ಟವು. ಅದು ನಮ್ಮ ಹೆಮ್ಮೆ. ಅದೇ ಲಿಸ್ಬನ್‌ನಲ್ಲಿ ವಿಶ್ವ ಯುವದಿನದ ಸಿದ್ಧತೆ ನಡೆಯುವಾಗ, 2023ರ ಜನವರಿಯಲ್ಲಿ, ಮುಖ್ಯ ಬಲಿಪೀಠದ ವೇದಿಕೆಗೆ ನಗರಸಭೆ 42 ಲಕ್ಷ ಯೂರೋ ಮತ್ತು ತೆರಿಗೆ ಖರ್ಚು ಮಾಡಲಿದೆ ಎಂಬ ಸುದ್ದಿ ಹೊರಬಿತ್ತು. ಜನ ಸಿಟ್ಟಾದರು, ವಿಶ್ವಾಸಿಗಳೂ ಪ್ರಶ್ನಿಸಿದರು. ವೇದಿಕೆಯ ವಿನ್ಯಾಸ ಚಿಕ್ಕದಾಯಿತು, ಖರ್ಚು ಸುಮಾರು 29 ಲಕ್ಷಕ್ಕೆ ಇಳಿಯಿತು. ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಅದೇ ವೇದಿಕೆಯಲ್ಲಿ ಬಲಿಪೂಜೆ ಅರ್ಪಿಸಿದಾಗ ಸುಮಾರು 15 ಲಕ್ಷ ಜನ ನೆರೆದಿದ್ದರು. ವೇದಿಕೆ ಚಿಕ್ಕದಾದದ್ದರಿಂದ ಯಾರ ಭಕ್ತಿಯೂ ಕುಂದಲಿಲ್ಲ. ಲೆಕ್ಕ ಕೇಳುವುದು ಅವಿಶ್ವಾಸದ ಲಕ್ಷಣ ಎಂದು ಭಾವಿಸುವವರು ಈ ಘಟನೆಯನ್ನು ನೆನಪಿಡಬೇಕು. ಗೋಪುರ ಕಟ್ಟುವ ಮೊದಲು ಕುಳಿತು ಖರ್ಚು ಲೆಕ್ಕ ಹಾಕಬೇಡವೇ ಎಂದು ಕೇಳಿದವರು ಯೇಸುಸ್ವಾಮಿಯೇ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಧರ್ಮಕೇಂದ್ರದ ವಾರ್ಷಿಕ ಲೆಕ್ಕಪತ್ರ ಓದುವ ದಿನ ಯುವಜನರು ಹಿಂದಿನ ಬೆಂಚಿನಿಂದ ಎದ್ದು ಹೋಗುವುದನ್ನು ನಿಲ್ಲಿಸೋಣ. ಗ್ರಾಮಸಭೆಯ ದಿನ ಪಂಚಾಯಿತಿಯ ಬಜೆಟ್ ಪ್ರತಿ ಕೇಳೋಣ. ರಾಜ್ಯದ, ದೇಶದ ಬಜೆಟ್ ಬಂದಾಗ ಯಾವ ವಸ್ತುವಿನ ಬೆಲೆ ಏರಿತು, ಯಾವುದು ಇಳಿಯಿತು ಎಂಬಲ್ಲಿಗೆ ನಿಲ್ಲದೆ ಮುಂದೆ ಓದೋಣ: ಸಾಲ ಯಾವುದಕ್ಕೆ ತಂದರು, ಅದರಿಂದ ಉಳಿಯುವಂಥದ್ದು ಏನು ಬರುತ್ತದೆ, ತೀರಿಸುವ ಕಾಲ ಬಂದಾಗ ಯಾರ ಕೈಯಿಂದ ಮೊದಲು ಕೀಳುತ್ತಾರೆ? ಆಸ್ಪತ್ರೆ, ಶಾಲೆ, ನೀರಿಗೆ ತಂದ ಸಾಲವನ್ನು ಹೆದರದೆ ಸಮರ್ಥಿಸೋಣ. ಖಾಲಿ ಕ್ರೀಡಾಂಗಣಕ್ಕೆ ತಂದ ಸಾಲವನ್ನು ಅದು ನಮ್ಮ ಪಕ್ಷದ್ದೇ ಆಗಿದ್ದರೂ, ನಮ್ಮ ಊರಿನದ್ದೇ ಆಗಿದ್ದರೂ ಪ್ರಶ್ನಿಸೋಣ.

2025ರಿಂದ ಪೋರ್ಚುಗಲ್ 35 ವರ್ಷದವರೆಗಿನ ದುಡಿಯುವವರಿಗೆ ಆದಾಯ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಕೊಡುತ್ತಿದೆ, ಯುವಜನರು ದೇಶದಲ್ಲೇ ಉಳಿಯಲಿ ಎಂದು. ಒಂದು ಕಾಲಕ್ಕೆ ಹೊರಗೆ ನೋಡಿ ಎಂದ ದೇಶ ಈಗ ಇಲ್ಲೇ ಇರಿ ಎನ್ನುತ್ತಿದೆ. ನಡುವಿನ ವರ್ಷಗಳಲ್ಲಿ ಹೋದವರಲ್ಲಿ ಎಷ್ಟೋ ಮಂದಿ ಬೇರೆ ನೆಲದಲ್ಲಿ ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿಯಾಗಿದೆ. ಐಎಂಎಫ್‌ನ ಸಾಲವನ್ನು ಆ ದೇಶ ಅವಧಿಗೆ ಮೊದಲೇ ತೀರಿಸಿತು. ಹೋದ ಮಕ್ಕಳನ್ನು ಮರಳಿ ಕರೆತರುವುದು ಅಷ್ಟು ಸುಲಭದ ಲೆಕ್ಕವಲ್ಲ.